ನೀರಲ್ಲಿ ಮುಳುಗಿದ್ದ ವಿದ್ಯುತ್ ಕಾರು: ಕೊಳ್ಳುವ ಮುನ್ನ ತಿಳಿಯಬೇಕಾದದ್ದು

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲೂ 2023ರ ಡಿಸೆಂಬರಿನಲ್ಲಿ ಚೆನ್ನೈಯಲ್ಲೂ ಮಳೆನೀರಿಗೆ ಬಹಳಷ್ಟು ಕಾರುಗಳು ಮುಳುಗಿದವು. ದುರಸ್ತಿ ವೆಚ್ಚ ವಿಮೆಯಲ್ಲಿ ನಮೂದಿಸಿದ ಮೌಲ್ಯದ ಶೇ. 75ನ್ನು ಮೀರಿದರೆ ವಿಮಾ ಕಂಪನಿಗಳು ಸಾಮಾನ್ಯವಾಗಿ ಅಂತಹ ಕಾರನ್ನು 'ಪೂರ್ಣ ನಷ್ಟ'ವೆಂದು ಪರಿಗಣಿಸುತ್ತವೆ. ಇವುಗಳಲ್ಲಿ ಕೆಲವು ಗುಜರಿಗೆ ಹೋಗದೆ, ರಿಪೇರಿಯಾಗಿ ಅಗ್ಗದ ಬೆಲೆಗೆ ಮತ್ತೆ ಮಾರಾಟಕ್ಕೆ ಬರುವುದುಂಟು. ಅಮೆರಿಕದಲ್ಲಿ ಇಂತಹ ಕಾರಿನ ಒಡೆತನದ ಪತ್ರದಲ್ಲೇ 'ಸಾಲ್ವೇಜ್' ಎಂಬ ಗುರುತು ಬೀಳುತ್ತದೆ. ನಮ್ಮಲ್ಲಿ ಆರ್‌ಸಿ ನೋಡಿ ಇದನ್ನು ತಿಳಿಯುವುದು ಕಷ್ಟ.

ವಿದ್ಯುತ್ ಕಾರಿನ ಅತಿ ದುಬಾರಿ ಭಾಗ ಬ್ಯಾಟರಿ. ಅದರೊಳಗೆ ಸೇರಿದ ನೀರು ನಿಧಾನವಾಗಿ ತುಕ್ಕು ಹಿಡಿಸಿ ಶಾರ್ಟ್ ಸರ್ಕ್ಯೂಟಿಗೆ ಕಾರಣವಾಗಬಹುದು. ಉಪ್ಪುನೀರು ಇನ್ನೂ ಅಪಾಯಕಾರಿ. 2022ರ ಇಯಾನ್ ಚಂಡಮಾರುತದ ಬಳಿಕ ಫ್ಲಾರಿಡಾದಲ್ಲಿ ಮುಳುಗಿದ್ದ ಕೆಲವು ವಿದ್ಯುತ್ ಕಾರುಗಳು ದಿನಗಳು ಕಳೆದ ಮೇಲೆ ಹೊತ್ತಿ ಉರಿದವು. ನೆರೆನೀರಿನಿಂದಾದ ಹಾನಿಗೆ ಬ್ಯಾಟರಿ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ.

ಪರಿಶೀಲಿಸಬೇಕಾದ ಅಂಶಗಳು:

1. ಹಿಂದಿನ ವಿಮಾ ಪಾಲಿಸಿಗಳನ್ನು ಕೇಳಿ ಪಡೆಯಿರಿ. ನೋ ಕ್ಲೇಮ್ ಬೋನಸ್ ನಡುವೆ ಶೂನ್ಯಕ್ಕೆ ಇಳಿದಿದ್ದರೆ ಕಾರಣ ವಿಚಾರಿಸಿರಿ.

2. ತಯಾರಕರ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಬ್ಯಾಟರಿ ಪರೀಕ್ಷೆ ಮಾಡಿಸಿ, ವಾರಂಟಿ ಉಳಿದಿದೆಯೇ ಎಂದು ಲಿಖಿತವಾಗಿ ಪಡೆಯಿರಿ.

3. ಗಡಿಯಾಚೆಯ ಕಾರಾದರೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ ಬೇಕು. ಒಡೆತನ ಬದಲಾವಣೆಗೆ ಫಾರಂ 29 ಮತ್ತು 30, ಸಾಲ ತೀರಿದ್ದಕ್ಕೆ ಫಾರಂ 35 ಇರಬೇಕು. ಆದರೆ ಈ ಕಾಗದಗಳು ಬ್ಯಾಟರಿಯ ಸ್ಥಿತಿಗೆ ಸಾಕ್ಷಿಯಲ್ಲ.

ಕೇಳಿದ ಬೆಲೆಗೆ ಹೊಸ ಬ್ಯಾಟರಿಯ ಖರ್ಚನ್ನೂ ಕೂಡಿಸಿ ಲೆಕ್ಕ ಹಾಕಿರಿ. ಆಗಲೂ ಲಾಭವೆನಿಸಿದರೆ ಮಾತ್ರ ಮುಂಗಡ ಕೊಡಿರಿ.