ಹುಸೇನಬಿಯ ‘ಬಿ’ ಎಲ್ಲಿಂದ ಬಂತು?



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ನಮ್ಮ ಅಜ್ಜಿಯರ ಹೆಸರು ಕೇಳಿ ನೋಡಿರಿ. ಹುಸೇನಬಿ, ಇಮಾಮಬಿ, ಕಾಶಿಂಬಿ, ಖಾದರಬಿ, ಮಾಬುಬಿ, ದಾವಲಬಿ. ಎಲ್ಲವೂ ಗಂಡಸರ ಹೆಸರಿನಿಂದ ಹುಟ್ಟಿದವು. ಕಾಲೇಜಿಗೆ ಹೋಗುವ ಮೊಮ್ಮಗಳಿಗೆ ಇವನ್ನು ಹೇಳಲು ನಾಚಿಕೆ. “ಇದು ಅರಬಿಯೂ ಅಲ್ಲ, ಉರ್ದುವೂ ಅಲ್ಲ” ಎನ್ನುವ ಹಿರಿಯರೂ ಇದ್ದಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ.

ಅರಬಿಯಲ್ಲಿ ಕರೀಮ್ ಕರೀಮಾ ಆಗುತ್ತದೆ, ಶರೀಫ್ ಶರೀಫಾ ಆಗುತ್ತದೆ. ಆದರೆ ಈ ನಿಯಮವೂ ಎಲ್ಲ ಕಡೆ ನಡೆಯದು. ಹ. ಹಂಝಾ, ಹ. ತಲ್ಹಾ ಗಂಡಸರು, ಝೈನಬ್, ಮರಿಯಮ್ ಹೆಣ್ಣುಮಕ್ಕಳು. ‘ಅಬ್ದುಲ್’ ಎಂಬುದಕ್ಕೆ ಹೆಣ್ಣುಮಕ್ಕಳಲ್ಲಿ ‘ಅಮತುಲ್’ ಎಂಬ ಬೇರೆ ಶಬ್ದವೇ ಇದೆ. ತುರ್ಕರು ಬೇಗ್‌ನಿಂದ ಬೇಗಂ, ಖಾನ್‌ನಿಂದ ಖಾನಂ ಮಾಡಿಕೊಂಡರು. ಪ್ರತಿ ನಾಡೂ ತನ್ನ ದಾರಿ ಕಂಡುಕೊಂಡಿದೆ.

ನಮ್ಮ ‘ಬಿ’ ಎಂದರೆ ಬೀಬಿ, ಗೌರವದ ಪದ. ವಿಜಾಪುರದ ಅಲಿ ಆದಿಲಶಾಹನ ಪತ್ನಿ, 1595-96ರಲ್ಲಿ ಮೊಗಲರ ಸೈನ್ಯವನ್ನು ಅಹಮದನಗರದ ಕೋಟೆಯಲ್ಲಿ ತಡೆದು ನಿಂತ ಚಾಂದ್ ಬೀಬಿಯ ಹೆಸರಿನಲ್ಲಿ ಇರುವುದೂ ಇದೇ ಬೀಬಿ. ರಾಣಿಗೆ ಒಪ್ಪಿದ ಪದ ರೊಟ್ಟಿ ಬಡಿಯುವ ಅಜ್ಜಿಗೆ ಒಪ್ಪದೇ?

ಇನ್ನು ಮುಂದಿನ ಭಾಗ. ಕರ್ಬಲಾದಲ್ಲಿ ಕ್ರಿ.ಶ. 680ರಲ್ಲಿ ಹುತಾತ್ಮರಾದ ಹ. ಇಮಾಮ್ ಹುಸೇನರ ನೆನಪು ಮೊಹರಮ್ಮಿನ ಮೂಲಕ ನಮ್ಮ ಹಳ್ಳಿಹಳ್ಳಿಗೂ ಬಂತು. ಗಂಡು ಹುಟ್ಟಿದರೆ ಹುಸೇನಸಾಬ, ಹೆಣ್ಣಾದರೆ ಹುಸೇನಬಿ. ಮುಳಗುಂದದ ದಾವಲ್ ಮಲಿಕರಿಗೆ ಹರಕೆ ಹೊತ್ತ ಮನೆಯಲ್ಲಿ ದಾವಲಸಾಬ, ದಾವಲಬಿ. ಶಿಗ್ಗಾಂವಿ ತಾಲೂಕಿನ ಹುಲಗೂರಿನ ಖಾದರಿ ದರ್ಗಾ ನಿಮಗೆ ಗೊತ್ತಿರುವುದೇ. 1819ರಲ್ಲಿ ಹುಟ್ಟಿದ ಶಿಶುನಾಳ ಶರೀಫರು ಅಲ್ಲಿಯ ಹರಕೆಯ ಮಗನೆಂದೇ ಜನ ಹೇಳುತ್ತ ಬಂದಿದ್ದಾರೆ. ಹರಕೆಯ ಹೆಸರು ಮೊದಲೇ ನಿಶ್ಚಯವಾಗಿರುತ್ತಿತ್ತು. ಮಗಳು ಹುಟ್ಟಿದಳೆಂದು ಅದನ್ನು ಕೈಬಿಡಲಿಲ್ಲ, ಮಗಳಿಗೂ ಕೊಟ್ಟರು. ದರ್ಗಾದ ಹರಕೆ ಸರಿಯೋ ತಪ್ಪೋ ಎಂಬ ಚರ್ಚೆ ಉಲಮಾಗಳದ್ದು, ಅದು ಬೇರೆ ಮಾತು.

ನೆರೆಮನೆಯನ್ನೂ ನೋಡಿರಿ. ಶಿರಹಟ್ಟಿಯ ಫಕೀರೇಶ್ವರ ಮಠದ ಭಕ್ತರಲ್ಲಿ ಮಗ ಫಕೀರಪ್ಪ, ಮಗಳು ಫಕೀರವ್ವ. ಅಪ್ಪ-ಅವ್ವ ಅಲ್ಲಿ ಮಾಡುವ ಕೆಲಸವನ್ನೇ ಸಾಬ-ಬಿ ಇಲ್ಲಿ ಮಾಡುತ್ತವೆ. ಶಬ್ದ ಪಾರ್ಸಿಯದಾದರೂ ಕಟ್ಟಿದ ರೀತಿ ನಮ್ಮ ಕನ್ನಡದ ಮಣ್ಣಿನದು.

ನಾಚಿಕೆಗಿಂತ ದೊಡ್ಡ ತೊಂದರೆ ಕಾಗದಪತ್ರದಲ್ಲಿದೆ. ಒಂದು ಕಡೆ ‘ಹುಸೇನಬಿ’, ಇನ್ನೊಂದು ಕಡೆ ‘ಹುಸೇನಾಬೀ’. ಕೆಲವೊಮ್ಮೆ ಇಂಗ್ಲಿಷಿನಲ್ಲಿ ಬರೆಯುವವರು ‘ಬಿ’ಯನ್ನು ಇನಿಷಿಯಲ್ ಎಂದು ತಿಳಿದು ‘ಹುಸೇನ್ ಬಿ.’ ಎಂದು ಬರೆದುಬಿಡುತ್ತಾರೆ; ಹುಡುಗಿ ಕಾಗದದ ಮೇಲೆ ಹುಡುಗನಾಗುತ್ತಾಳೆ. ಶಾಲಾ ದಾಖಲೆ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಹೆಸರು ಹೊಂದದೆ ಸ್ಕಾಲರ್‌ಶಿಪ್ಪಿಗೆ ಅಲೆದಾಡಬೇಕಾಗುತ್ತದೆ. ಆದ್ದರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿ ತುಂಬುವಾಗಲೇ, ಗುರುಗಳ ಎದುರು ಕುಳಿತು, ‘ಬಿ’ಯನ್ನು ಹೆಸರಿಗೆ ಕೂಡಿಸಿ ಒಂದೇ ಪದವಾಗಿ ಬರೆಸಿರಿ. ಮನೆಗೆ ಬಂದು ಆಧಾರ್ ಕಾರ್ಡನ್ನೂ ಒಮ್ಮೆ ತೆಗೆದು ನೋಡಿರಿ.