ಊರಿಲ್ಲದವರಿಗೆ ಒಂದು ಊರು

ಬಾಡಿಗೆ ಮನೆ ಬದಲಾಯಿಸಿದ ಮೇಲೆ ಅಡ್ರೆಸ್ ಪ್ರೂಫ್‌ಗಾಗಿ ಅಲೆಯದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ? ನಾನಂತೂ ಹೋದ ತಿಂಗಳು ಕೌಂಟರಿನಿಂದ ಕೌಂಟರಿಗೆ ತಿರುಗಿ ಸಾಕಾಗಿ ಕೂತಿದ್ದೆ. ನನಗೆ ಮನೆಯಾದರೂ ಇದೆ. ಮನೆಯೇ ಗಾಡಿಯ ಮೇಲಿರುವವರು ವಿಳಾಸದ ಕಾಲಂನಲ್ಲಿ ಏನು ಬರೀತಾರೆ? ಹುಡುಕುತ್ತಾ ಹೋದಾಗ ಸಿಕ್ಕಿದ್ದು ಫ್ರಾನ್ಸಿನ ಕಥೆ.

ಅಲ್ಲಿ ತಲೆಮಾರುಗಳಿಂದ ಕುದುರೆಗಾಡಿಯಲ್ಲಿ, ಆಮೇಲೆ ಕಾರವಾನಿನಲ್ಲಿ ಬದುಕುತ್ತಾ ಬಂದ ಜನರಿದ್ದಾರೆ. ಜಿಪ್ಸಿಗಳು ಅಂತ ನಾವು ಕರೆಯುವವರೂ ಇವರಲ್ಲಿ ಸೇರಿದ್ದಾರೆ. 1912ರ ಜುಲೈ 16ರ ಕಾನೂನು ಇವರಿಗೆ 'ಅಲೆಮಾರಿ' ಅಂತ ಹಣೆಪಟ್ಟಿ ಹಚ್ಚಿ ಕೈಗೊಂದು ಪುಸ್ತಕ ಕೊಟ್ಟಿತು. ಅದರಲ್ಲಿ ಎದುರಿನಿಂದ ಮತ್ತು ಪಕ್ಕದಿಂದ ತೆಗೆದ ಫೋಟೋ, ಬೆರಳಚ್ಚು, ತಲೆಯ ಅಳತೆ, ಬಲಗಿವಿಯ ಉದ್ದ, ಎಡಪಾದದ ಉದ್ದ! ಅಪರಾಧಿಗಳನ್ನು ಗುರುತಿಸಲು ಪೊಲೀಸರು ಬಳಸುತ್ತಿದ್ದ ಪದ್ಧತಿ ಇದು. 13 ತುಂಬಿದವರಿಗೆಲ್ಲ ಕಡ್ಡಾಯ. ಊರಿಗೆ ಬಂದರೆ ಸೀಲು, ಹೊರಟರೆ ಮತ್ತೊಂದು ಸೀಲು. (ನಮ್ಮಲ್ಲೂ ಬ್ರಿಟಿಷರು 1871ರಲ್ಲೇ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದಿದ್ದರಲ್ಲ. ಹುಬ್ಬಳ್ಳಿಯ 'ಸೆಟ್ಲ್‌ಮೆಂಟ್' ಅನ್ನೋ ಹೆಸರು ಆ ಕಾಲದ್ದೇ.)

1940ರ ಏಪ್ರಿಲ್ 6ರಂದು, ಅಂದರೆ ಜರ್ಮನ್ನರು ಒಳಗೆ ಬರುವ ಮೊದಲೇ, ಅಲೆಮಾರಿಗಳ ಓಡಾಟವನ್ನೇ ನಿಷೇಧಿಸಿದರು. ಆಮೇಲೆ ಆರು ಸಾವಿರಕ್ಕೂ ಹೆಚ್ಚು ಜನರನ್ನು ಕ್ಯಾಂಪುಗಳಿಗೆ ಹಾಕಿದರು. ಯುದ್ಧ ಮುಗಿದಿದ್ದು 1945ರಲ್ಲಿ, ಕೊನೆಯವರು ಹೊರಬಂದಿದ್ದು 1946ರಲ್ಲಿ. ಅಧ್ಯಕ್ಷ ಒಲಾಂದ್ ಇದಕ್ಕೆ ಫ್ರಾನ್ಸಿನ ಹೊಣೆಯನ್ನು ಒಪ್ಪಿಕೊಳ್ಳುವಾಗ 2016 ಆಗಿತ್ತು.

ವಿಳಾಸ ಸಿಕ್ಕಿದ್ದು 1969ರ ಜನವರಿ 3ರ ಕಾನೂನಿನಿಂದ. ತಿರುಗುವವರು ಯಾವುದಾದರೂ ಒಂದು ಊರನ್ನು 'ಸೇರಿದ ಊರು' ಅಂತ ಆರಿಸಿಕೊಳ್ಳಬೇಕು. ಮದುವೆ, ತೆರಿಗೆ, ಓಟು ಎಲ್ಲಕ್ಕೂ ಅದೇ ಲೆಕ್ಕ. ಒಳ್ಳೇದೇ ಅಲ್ವಾ ಅನ್ನಿಸುತ್ತೆ. ಆದರೆ ಇಂಥವರ ಸಂಖ್ಯೆ ಊರಿನ ಜನಸಂಖ್ಯೆಯ ಶೇ. 3 ಮೀರುವಂತಿಲ್ಲ. ಸಾವಿರ ಜನರ ಹಳ್ಳಿಯಲ್ಲಿ ಮೂವತ್ತು ಜನ ಇದ್ದರೆ ಮೂವತ್ತೊಂದನೆಯವನು ಬೇರೆ ಊರು ನೋಡಿಕೊಳ್ಳಬೇಕು! ಓಟು ಬೇಕೆಂದರೆ ಮೂರು ವರ್ಷ ಒಂದೇ ಊರಿಗೆ ಸೇರಿರಬೇಕು. ಮನೆಯಿಲ್ಲದ ಬೇರೆಯವರಿಗೆ ಆಮೇಲೆ ಆರು ತಿಂಗಳು ಸಾಕು ಅಂತಾಯಿತು, ಇವರಿಗೆ ಮಾತ್ರ ಮೂರು ವರ್ಷವೇ. ಸ್ಥಿರ ಆದಾಯ ಇಲ್ಲದವರು ಮೂರು ತಿಂಗಳಿಗೊಮ್ಮೆ ಪುಸ್ತಕಕ್ಕೆ ಸೀಲು ಹಾಕಿಸಬೇಕು. ಆ ಪುಸ್ತಕ ಇಲ್ಲದೆ ತಿರುಗಿದರೆ ಒಂದು ವರ್ಷದವರೆಗೆ ಜೈಲು. ನನ್ನ ಪ್ರಕಾರ ಅದು ವಿಳಾಸ ಅಲ್ಲ, ಗೂಟ. ದನ ಎಲ್ಲಿ ಮೇಯುತ್ತಿದೆ ಅಂತ ಗೊತ್ತಿರಬೇಕಲ್ಲ...

2012ರ ಅಕ್ಟೋಬರ್ 5ರಂದು ಅಲ್ಲಿನ ಸಂವಿಧಾನ ಮಂಡಳಿ ಸೀಲು ಹಾಕಿಸುವ ಆ ಪುಸ್ತಕವನ್ನೂ ಮೂರು ವರ್ಷದ ಷರತ್ತನ್ನೂ ರದ್ದು ಮಾಡಿತು. 2017ರ ಜನವರಿಯಲ್ಲಿ 1969ರ ಕಾನೂನೇ ಹೋಯಿತು. ಈಗ ಪುರಸಭೆಯ ಸಮಾಜ ಕಲ್ಯಾಣ ಕಚೇರಿಯಲ್ಲೋ ಮಾನ್ಯತೆ ಪಡೆದ ಸಂಸ್ಥೆಯಲ್ಲೋ ಅರ್ಜಿ ಹಾಕಿದರೆ ವಿಳಾಸ ಸಿಗುತ್ತದೆ. ಕಾಗದಪತ್ರ ಅಲ್ಲಿಗೇ ಬರುತ್ತದೆ. ವರ್ಷಕ್ಕೊಮ್ಮೆ ನವೀಕರಿಸಬೇಕು. ತಕ್ಕ ಕಾರಣವಿಲ್ಲದೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಆ ಕಡೆ ಸುಳಿಯದಿದ್ದರೆ, ಫೋನೂ ಮಾಡದಿದ್ದರೆ, ಹೆಸರು ತೆಗೆಯಬಹುದು.

ಮತ್ತೆ ಅದೇ ಮೂರು ತಿಂಗಳು, ನೋಡಿ!