ಮನೆಯ ಬೂಷ್ಟು: ಹಳೆಯ ಹಗೆಯೊಂದರ ಚರಿತ್ರೆ

ಮಲೆನಾಡಿನಿಂದಲೋ ಕರಾವಳಿಯಿಂದಲೋ ದಿಲ್ಲಿಗೆ ಬಂದು ನೆಲೆಸಿದವರಿಗೆ ಇಲ್ಲಿಯ ಮಳೆಗಾಲ ಒಂದು ಮಳೆಗಾಲವೇ ಅಲ್ಲ. ಜೂನ್ ಕೊನೆಗೆ ಬಂದು ಸೆಪ್ಟೆಂಬರಿನಲ್ಲಿ ಹೊರಟುಹೋಗುವ ಈ ಮಳೆ ಆಗುಂಬೆಯ ಮಳೆಯ ಮುಂದೆ ಯಾವ ಲೆಕ್ಕ ಎಂದು ನಾವು ಹೇಳಿಕೊಳ್ಳುವುದುಂಟು. ಆದರೂ ಆಗಸ್ಟ್ ಬಂತೆಂದರೆ ನಮ್ಮ ಸರಕಾರಿ ಕ್ವಾರ್ಟರ್ಸುಗಳಲ್ಲಿ, ಬಾಡಿಗೆಯ ಬರ್ಸಾತಿಗಳಲ್ಲಿ, ನೋಯಿಡಾ ಗುರುಗ್ರಾಮಗಳ ಹೊಸ ಫ್ಲಾಟುಗಳಲ್ಲಿಯೂ ಗೋಡೆಯ ಮೂಲೆಗೆ ಕಪ್ಪು ಚುಕ್ಕೆಗಳು ಬರುತ್ತವೆ; ಬೀರುವಿನೊಳಗಿನ ರೇಷ್ಮೆ ಸೀರೆಗೆ ಮುಗ್ಗಲು ವಾಸನೆ ಹತ್ತುತ್ತದೆ. ಬೂಷ್ಟು, ಬೂಜು, ಬೂಸರು ಎಂದು ಊರಿಗೊಂದು ಹೆಸರಿನಿಂದ ನಾವು ಕರೆಯುವ ಈ ಅತಿಥಿಯನ್ನು ಗೃಹಿಣಿಯ ತಲೆನೋವೆಂದು ಬಗೆದು, ಒರೆಸಿಯೋ ಮೇಲೊಂದು ಕೈ ಬಣ್ಣ ಬಳಿದೋ ಮರೆತುಬಿಡುವುದು ವಾಡಿಕೆ. ಆದರೆ ಗೋಡೆಯ ಬೂಷ್ಟಿಗೂ ಮನುಷ್ಯನ ಎದೆಗೂಡಿಗೂ ಇರುವ ನಂಟನ್ನು ತಿಳಿಯಲು ವೈದ್ಯಲೋಕಕ್ಕೆ ಶತಮಾನಗಳೇ ಬೇಕಾದವು. ಆ ಚರಿತ್ರೆಯ ಕೆಲವು ಮುಖ್ಯ ಅಧ್ಯಾಯಗಳು ನಮ್ಮ ಈ ದಿಲ್ಲಿಯಲ್ಲಿಯೇ ನಡೆದಿರುವುದರಿಂದ ಅದನ್ನು ಓದುಗರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಮನೆಯ ಗೋಡೆಗೂ ಕಾಯಿಲೆ ಬರುತ್ತದೆಂಬ ಭಾವನೆ ಬಹಳ ಹಳೆಯದು. ಬೈಬಲ್ಲಿನ ಹಳೆಯ ಒಡಂಬಡಿಕೆಯ ಯಾಜಕಕಾಂಡದ 14ನೆಯ ಅಧ್ಯಾಯದಲ್ಲಿ ಇದಕ್ಕೊಂದು ಕಟ್ಟಳೆಯೇ ಇದೆ. ಗೋಡೆಯಲ್ಲಿ ಹಸಿರು ಅಥವಾ ಕೆಂಪು ಕಲೆ ಕಂಡರೆ ಯಾಜಕನು ಸಾಮಾನು ತೆರವು ಮಾಡಿಸಿ, ಮನೆಯನ್ನು ಏಳು ದಿನ ಮುಚ್ಚಿಸಬೇಕು. ಕಲೆ ಹರಡಿದ್ದರೆ ಆ ಕಲ್ಲುಗಳನ್ನು ಕಿತ್ತು, ಗಾರೆ ಕೆರೆದು, ಹೊಸದಾಗಿ ಗಿಲಾವು ಮಾಡಿಸಬೇಕು. ಮತ್ತೆ ಬಂದರೆ ಮನೆಯನ್ನೇ ಕೆಡವಬೇಕು. ಇಂದಿನ ಇಂಜಿನಿಯರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ಕಲೆ ಬಂದ ಗಾರೆಯನ್ನು ಕೆರೆದು ತೆಗೆ, ಮೇಲೆ ಬಳಿದು ಮುಚ್ಚಬೇಡ.

ಬೂಷ್ಟು ತಾನಾಗಿಯೇ ಕೊಳೆತದ್ದರಿಂದ ಹುಟ್ಟುವುದಿಲ್ಲ, ಅದಕ್ಕೂ ಬೀಜವಿದೆ ಎಂದು ತೋರಿಸಿದವನು ಇಟಲಿಯ ಫ್ಲಾರೆನ್ಸ್ ನಗರದ ಸಸ್ಯಶಾಸ್ತ್ರಜ್ಞ ಮಿಕೇಲಿ. 1729ರ ತನ್ನ ಗ್ರಂಥದಲ್ಲಿ ಅವನು ಬೂಷ್ಟಿನ ಸೂಕ್ಷ್ಮ ಕಣಗಳನ್ನು ಕರಬೂಜದ ಹೋಳುಗಳ ಮೇಲಿಟ್ಟು, ಅದೇ ಬಗೆಯ ಬೂಷ್ಟು ಬೆಳೆದುದನ್ನು ವಿವರಿಸಿದ. ಸೂಕ್ಷ್ಮದರ್ಶಕದಲ್ಲಿ ಒಂದು ಬೂಷ್ಟಿನ ತಲೆ ಇಗರ್ಜಿಯಲ್ಲಿ ತೀರ್ಥ ಚಿಮುಕಿಸುವ ಸಾಧನದಂತೆ ಕಂಡುದರಿಂದ ಅದಕ್ಕೆ 'ಆಸ್ಪರ್ಜಿಲಸ್' ಎಂದು ಹೆಸರಿಟ್ಟ. ಬಿ.ಎಸ್ಸಿ. ತರಗತಿಯಲ್ಲಿ ನಾವೆಲ್ಲ ಚಿತ್ರ ಬರೆದು ಅಂಕ ಗಳಿಸಿದ ಆ ಆಸ್ಪರ್ಜಿಲಸ್ಸೇ ಮುಂದೆ ಈ ಕಥೆಯ ಮುಖ್ಯ ಪಾತ್ರವಾಯಿತು.

ಬೂಷ್ಟನ್ನು ಉಸಿರಾಡಿದರೆ ಏನಾಗುತ್ತದೆ? ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ ಈ ಪ್ರಶ್ನೆಗೆ ತನ್ನ ಮೈಯನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡ. ಒದ್ದೆ ಹುಲ್ಲಿನಲ್ಲಿ ಬೆಳೆದ ಬೂಷ್ಟುಗಳ ಕಣಗಳನ್ನು ತಾನೇ ಸೇದಿ, ಗಂಟಲು ಕಟ್ಟಿ ದನಿಯೇ ಹೊರಡದಾದುದನ್ನು 1873ರ ತನ್ನ ಪುಸ್ತಕದಲ್ಲಿ ಬರೆದಿಟ್ಟ. 1924ರ ಸುಮಾರಿಗೆ ಹಾಲೆಂಡಿನ ಲೈಡನ್ನಿನಲ್ಲಿ ಸ್ಟಾರ್ಮ್ ವಾನ್ ಲೀವೆನ್ ಎಂಬ ವಿಜ್ಞಾನಿ, ತೇವದ ಪ್ರದೇಶಗಳಲ್ಲಿ ಗೂರಲು ರೋಗ ಹೆಚ್ಚಲು ಮನೆಯ ಗಾಳಿಯಲ್ಲಿರುವ ಬೂಷ್ಟೂ ಒಂದು ಕಾರಣವೆಂದು ವಾದಿಸಿದ. ಈ ವಿಚಾರದಿಂದ ಪ್ರೇರಿತರಾಗಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ಡಾ. ಫ್ರೀಮನ್ನರು ಲಾ ಟೂಷ್ ಎಂಬ ಶಿಲೀಂಧ್ರತಜ್ಞನನ್ನು ನೇಮಿಸಿಕೊಂಡು, ಗೂರಲು ರೋಗಿಗಳ ಮನೆಗಳಿಂದ ಬೂಷ್ಟುಗಳನ್ನು ಸಂಗ್ರಹಿಸಿ ಬೆಳೆಸತೊಡಗಿದರು. ಅದೇ ಕಟ್ಟಡದ ಮೇಲಿನ ಅಂತಸ್ತಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕೆಲಸ ಮಾಡುತ್ತಿದ್ದ. 1928ರಲ್ಲಿ ಅವನ ತಟ್ಟೆಗೆ ಹಾರಿಬಂದು ಪೆನಿಸಿಲಿನ್ನಿಗೆ ಕಾರಣವಾದ ಬೀಜಕಣ ಕಿಟಕಿಯಿಂದ ಬಂದುದಲ್ಲ, ಕೆಳಗಿನ ಲಾ ಟೂಷನ ಸಂಗ್ರಹದಿಂದಲೇ ಬಂದಿರಬೇಕೆಂಬುದು ಅನೇಕ ಇತಿಹಾಸಕಾರರ ಅಭಿಪ್ರಾಯ. ಗೂರಲು ರೋಗಿಗಳ ಮನೆಯ ಬೂಷ್ಟನ್ನು ಹುಡುಕಹೊರಟ ಕೆಲಸದ ಬಳಿಯಲ್ಲಿಯೇ ಜಗತ್ತಿನ ದೊಡ್ಡ ಔಷಧವೂ ಹುಟ್ಟಿದ್ದು ಸೋಜಿಗವಲ್ಲವೆ?

1932ರಲ್ಲಿ ಇಂಗ್ಲೆಂಡಿನ ವೆಸ್ಟ್‌ಮೋರ್‌ಲ್ಯಾಂಡ್ ಸೀಮೆಯ ರೈತರನ್ನು ಕುರಿತು ಕ್ಯಾಂಪ್‌ಬೆಲ್ ಎಂಬ ವೈದ್ಯ ಬರೆದ ವರದಿ ಮತ್ತೊಂದು ಮೈಲಿಗಲ್ಲು. ಸರಿಯಾಗಿ ಒಣಗದೆ ಬೂಷ್ಟು ಹಿಡಿದ ಹುಲ್ಲಿನ ಬಣವೆಯಲ್ಲಿ ದುಡಿದವರಿಗೆ ತೀವ್ರ ಮೇಲುಸಿರು ಹತ್ತುತ್ತಿತ್ತು. 'ರೈತನ ಶ್ವಾಸಕೋಶ' ಎಂದು ಹೆಸರಾದ ಈ ರೋಗ ಸೋಂಕಲ್ಲ. ಹುಲ್ಲಿನಲ್ಲಿ ಬೆಳೆದ ಬೂಷ್ಟು ಹಾಗೂ ಅದರೊಡನೆ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯದ ಧೂಳಿಗೆ ಶ್ವಾಸಕೋಶವೇ ಕೆರಳಿ ಮುನಿಯುವ ರೋಗ. ಹಲವು ವರ್ಷ ಮುಂದುವರಿದರೆ ಶ್ವಾಸಕೋಶ ಗಡುಸಾಗಿ ಉಸಿರೇ ಸಾಲದಾಗಬಹುದು. ಒದ್ದೆ ಹುಲ್ಲಿನ ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ದಿಲ್ಲಿಯ ಬೇಸಗೆಯಲ್ಲಿ ಇದು ಮತ್ತೆ ಎದುರಾಗುತ್ತದೆ.

ಇನ್ನು ನಮ್ಮೂರಿಗೆ ಬರೋಣ. ದಿಲ್ಲಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆ 1953ರಲ್ಲಿ ಕೆಲಸ ಆರಂಭಿಸಿತು. ಅದರ ಮೊದಲ ನಿರ್ದೇಶಕರು ಡಾ. ಆರ್. ವಿಶ್ವನಾಥನ್. ಅಲ್ಲಿ ಡಾ. ಡಿ. ಎನ್. ಶಿವಪುರಿಯವರು ನಗರದ ಗಾಳಿಯಲ್ಲಿ ಯಾವ ತಿಂಗಳು ಯಾವ ಪರಾಗ ಹಾರುತ್ತದೆಂದು ಪಂಚಾಂಗದಂತೆ ಪಟ್ಟಿ ಮಾಡಿದರು. 1969ರಲ್ಲಿ ಅಗರ್ವಾಲ್, ಶಿವಪುರಿ, ಮುಖರ್ಜಿ ಈ ಮೂವರು ದಿಲ್ಲಿಯ ಗಾಳಿಯಲ್ಲಿರುವ ಅಲರ್ಜಿಕಾರಕ ಬೂಷ್ಟುಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅದೇ ಸಂಸ್ಥೆಯಲ್ಲಿ ಡಾ. ಎಚ್. ಎಸ್. ರಂಧಾವಾ ಮನುಷ್ಯರಿಗೆ ರೋಗ ತರುವ ಶಿಲೀಂಧ್ರಗಳ ಅಧ್ಯಯನವನ್ನು ಬೆಳೆಸಿದರು. ದೊಡ್ಡ ಮಳೆಯಿಲ್ಲದ ಈ ಒಣನಾಡಿಗೆ ಬೂಷ್ಟಿನ ವಿದ್ಯೆ ಏಕೆ ಎಂದು ಕೇಳುವವರಿಗೆ ಅವರ ಕೆಲಸವೇ ಉತ್ತರ.

ಇದರ ಮಹತ್ವ ಎಷ್ಟೆಂಬುದಕ್ಕೆ ಒಂದೇ ರೋಗದ ಉದಾಹರಣೆ ಸಾಕು. 1952ರಲ್ಲಿ ಲಂಡನ್ನಿನ ಹಿನ್ಸನ್, ಮೂನ್, ಪ್ಲಮರ್ ಎಂಬ ವೈದ್ಯರು ಹೊಸ ಬಗೆಯ ರೋಗವೊಂದನ್ನು ವರ್ಣಿಸಿದರು. ಗೂರಲು ಇರುವವರ ಶ್ವಾಸನಾಳದಲ್ಲಿ ಆಸ್ಪರ್ಜಿಲಸ್ ನೆಲೆಯೂರಿದರೆ ದೇಹ ಅದಕ್ಕೆ ಅತಿಯಾಗಿ ಕೆರಳುತ್ತದೆ. ಜ್ವರ, ಕೆಮ್ಮು, ಕೆಲವೊಮ್ಮೆ ರಕ್ತ ಬೆರೆತ ಕಫ, ಎಕ್ಸ್‌ರೇಯಲ್ಲಿ ಮಬ್ಬು ನೆರಳು. ಈ ಲಕ್ಷಣಗಳನ್ನು ಓದಿದ ನಮ್ಮವರಿಗೆ ತಟ್ಟನೆ ಹೊಳೆಯುವುದು ಕ್ಷಯ. ವೈದ್ಯರಿಗೂ ಹಾಗೆಯೇ ಹೊಳೆದುದರಿಂದ ಭಾರತದಲ್ಲಿ ಇಂಥ ರೋಗಿಗಳು ಎಷ್ಟೋ ಮಂದಿ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿ, ಗುಣ ಕಾಣದೆ, ಅಷ್ಟರಲ್ಲಿ ಶ್ವಾಸನಾಳ ಕೆಟ್ಟ ಮೇಲೆ ಸರಿಯಾದ ಚಿಕಿತ್ಸೆ ಪಡೆದುದನ್ನು ದಿಲ್ಲಿಯ ಈ ಸಂಸ್ಥೆಯ ವೈದ್ಯರೂ ಇತರರೂ ಮತ್ತೆ ಮತ್ತೆ ದಾಖಲಿಸಿದ್ದಾರೆ. ಆಸ್ಪರ್ಜಿಲಸ್ ಮಣ್ಣಿನಲ್ಲಿ, ಗೊಬ್ಬರದಲ್ಲಿ, ಗಾಳಿಯಲ್ಲಿ ಎಲ್ಲೆಲ್ಲೂ ಇದೆ. ಮನೆಯ ಗೋಡೆಯೊಂದೇ ಅಪರಾಧಿಯಲ್ಲ. ಆದರೆ ಗೂರಲು ಇರುವವರ ಮಂಚದ ಪಕ್ಕದಲ್ಲಿಯೇ ಅದನ್ನು ಸಾಕುವುದು ಜಾಣತನವಲ್ಲ.

ಈಗ ಒದ್ದೆ ಹುಲ್ಲಿನ ಮಾತಿಗೆ ಬರೋಣ. ದಿಲ್ಲಿಯ ಬೇಸಗೆಯಲ್ಲಿ ಮಧ್ಯಮವರ್ಗದ ಆಪದ್ಬಾಂಧವ ಕೂಲರ್. ಅದರ ಮೂರು ಬದಿಗೆ ಮರದ ಹೊಟ್ಟಿನ ಅಥವಾ ಲಾವಂಚದ ಚಾಪೆ, ಅದರ ಮೇಲೆ ಸದಾ ತೊಟ್ಟಿಕ್ಕುವ ನೀರು, ಹಿಂದಿನಿಂದ ಅದರ ಗಾಳಿಯನ್ನೆಲ್ಲ ಕೋಣೆಗೆ ನೂಕುವ ಫ್ಯಾನು. ಶ್ವಾಸಕೋಶ ಗಡುಸಾಗುವ ರೋಗಗಳ ಬಗ್ಗೆ 2017ರಲ್ಲಿ ಪ್ರಕಟವಾದ ಅಖಿಲ ಭಾರತ ಅಧ್ಯಯನವೊಂದು 19 ನಗರಗಳ 1,084 ರೋಗಿಗಳನ್ನು ಪರಿಶೀಲಿಸಿತು. ಅವರಲ್ಲಿ ಶೇಕಡಾ 47ರಷ್ಟು ಮಂದಿಗೆ ಇದ್ದುದು 'ರೈತನ ಶ್ವಾಸಕೋಶ'ದ ಜಾತಿಯ ರೋಗ. ಆ ಗುಂಪಿನಲ್ಲಿ ಸುಮಾರು ಅರ್ಧದಷ್ಟು ಜನ ಕೂಲರಿನ ಗಾಳಿಗೆ ಒಡ್ಡಿಕೊಂಡವರು. ಒಡ್ಡಿಕೊಂಡುದೇ ಕಾರಣವೆಂದು ಇದರಿಂದ ಸಿದ್ಧವಾಗದು. ಆದರೂ ಎಂದೂ ನೇಗಿಲು ಹಿಡಿಯದ ಗುಮಾಸ್ತೆಗೆ ವೆಸ್ಟ್‌ಮೋರ್‌ಲ್ಯಾಂಡಿನ ರೈತನ ರೋಗ ಬರುವ ದಾರಿ ಯಾವುದೆಂದು ಯೋಚಿಸಬೇಕಾದ ಮಾತಿದು.

ಇಷ್ಟು ಹೇಳಿದ ಮೇಲೆ ಅತಿಭಯವೂ ಸಲ್ಲದೆಂದು ಹೇಳಲೇಬೇಕು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1993-94ರಲ್ಲಿ ಕೆಲವು ಹಸುಗೂಸುಗಳಿಗೆ ಶ್ವಾಸಕೋಶದಲ್ಲಿ ರಕ್ತಸ್ರಾವವಾದಾಗ ಮನೆಯ ಕಪ್ಪು ಬೂಷ್ಟೇ ಕಾರಣವೆಂದು ಹುಯಿಲೆದ್ದಿತು. 2000ದಲ್ಲಿ ಅಲ್ಲಿಯ ಸರಕಾರಿ ಆರೋಗ್ಯ ಸಂಸ್ಥೆಯೇ ಆ ನಂಟು ಸಿದ್ಧವಾಗಿಲ್ಲವೆಂದು ಪ್ರಕಟಿಸಿತು. 2021ರ ಮೇ ತಿಂಗಳಲ್ಲಿ ಕೋವಿಡ್ ಬೆನ್ನಿಗೇ ದಿಲ್ಲಿಯಲ್ಲೂ ಕರ್ನಾಟಕದಲ್ಲೂ ಕಂಗೆಡಿಸಿದ 'ಕಪ್ಪು ಶಿಲೀಂಧ್ರ' ಗೋಡೆಯ ಕಪ್ಪು ಚುಕ್ಕೆಯಲ್ಲ. ಅದು ಮ್ಯೂಕರ್ ವರ್ಗದ ಬೇರೆಯೇ ಬೂಷ್ಟು. ಮುಖ್ಯವಾಗಿ ಸಕ್ಕರೆ ಕಾಯಿಲೆ ಹತೋಟಿ ತಪ್ಪಿದ್ದವರನ್ನು, ಸ್ಟಿರಾಯ್ಡ್ ಔಷಧ ಹೆಚ್ಚಾಗಿ ಪಡೆದವರನ್ನು ಹಿಡಿಯಿತು. ಹಾಗಾದರೆ ನಿಶ್ಚಿತವಾದುದೇನು? ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೀಗೆ ತೀರ್ಮಾನಿಸಿತು: ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ವಾಸಿಸುವವರಿಗೆ ಕೆಮ್ಮು, ಉಬ್ಬಸ, ಉಸಿರಾಟದ ಸೋಂಕುಗಳು ಹೆಚ್ಚು, ಗೂರಲು ಉಲ್ಬಣಿಸುತ್ತದೆ. ಎಷ್ಟು ಬೂಷ್ಟಿದ್ದರೆ ಅಪಾಯ ಎಂದು ಅಂಕೆ ಹೇಳಲಾಗದು. ಆದ್ದರಿಂದ ತೇವವನ್ನೇ ತಡೆಯಬೇಕು.

ಎಚ್ಚರ ತಪ್ಪಿದರೆ ಏನಾದೀತೆಂಬುದಕ್ಕೆ ಇಂಗ್ಲೆಂಡಿನ ರಾಚ್‌ಡೇಲ್ ಊರಿನ ದುರಂತ ಸಾಕ್ಷಿ. ಸೂಡಾನಿನಿಂದ ಬಂದು ನೆಲೆಸಿದ ಕುಟುಂಬವೊಂದು ತನ್ನ ಬಾಡಿಗೆ ಮನೆಯ ಬೂಷ್ಟಿನ ಬಗ್ಗೆ 2017ರಿಂದಲೇ ದೂರು ಕೊಟ್ಟಿತ್ತು. ಮೇಲೆ ಬಣ್ಣ ಬಳಿಯಿರಿ ಎಂಬುದು ಸಿಕ್ಕ ಸಲಹೆ. 2020ರ ಡಿಸೆಂಬರಿನಲ್ಲಿ ಎರಡು ವರ್ಷದ ಮಗು ಅವಾಬ್ ತೀರಿಕೊಂಡಿತು. ಬೂಷ್ಟಿನ ದೀರ್ಘ ಸಂಪರ್ಕದಿಂದಾದ ಉಸಿರಾಟದ ರೋಗವೇ ಕಾರಣವೆಂದು 2022ರಲ್ಲಿ ವಿಚಾರಣಾಧಿಕಾರಿ ತೀರ್ಪಿತ್ತರು. ಸಾರ್ವಜನಿಕ ವಸತಿಯ ಒಡೆಯರು ಕಾಲಮಿತಿಯಲ್ಲಿ ತೇವ ಸರಿಪಡಿಸಬೇಕೆಂಬ 2023ರ ಕಾನೂನು ಆ ಮಗುವಿನ ಹೆಸರಿನಿಂದಲೇ ಪ್ರಸಿದ್ಧ. ಪರವೂರಿನಲ್ಲಿ ಬಾಡಿಗೆಗಿರುವ ನಮಗೆ ಈ ಕಥೆ ದೂರದ್ದೆನಿಸುವುದಿಲ್ಲ.

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದು ಒಂದೇ: ಬೂಷ್ಟನ್ನು ಕಂಡಾಗ ಬಣ್ಣದ ಡಬ್ಬಿ ಹುಡುಕುವ ಮೊದಲು ನೀರು ಎಲ್ಲಿಂದ ಬಂತೆಂದು ಕೇಳಬೇಕು. ಮಹಡಿಯ ತೊಟ್ಟಿ ಸೋರುತ್ತಿದೆಯೇ, ಗೋಡೆಯೊಳಗಿನ ಕೊಳವೆ ಒಡೆದಿದೆಯೇ, ಚಳಿಗಾಲದಲ್ಲಿ ಕಿಟಕಿ ಮುಚ್ಚಿ ಕೋಣೆಯೊಳಗೇ ಬಟ್ಟೆ ಒಣಹಾಕುತ್ತಿದ್ದೇವೆಯೇ? ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದರೂ ಗಾಳಿಯಾಡುತ್ತದೆ. ಕೂಲರಿನ ಚಾಪೆಯನ್ನು ಪ್ರತಿ ಬೇಸಗೆಗೆ ಹೊಸದು ಮಾಡಿ, ನೀರನ್ನು ವಾರವಾರ ಬದಲಿಸಿ, ಮಳೆ ಬಿದ್ದ ಮೇಲೆ ಒಣಗಿಸಿ ಎತ್ತಿಡಬೇಕು. ನಮ್ಮ ಹಿರಿಯರು ವರ್ಷಕ್ಕೊಮ್ಮೆ ಗೋಡೆಗೆ ಸುಣ್ಣ ಬಳಿಸುತ್ತಿದ್ದುದು ಹಬ್ಬದ ಅಂದಕ್ಕೆ ಮಾತ್ರವಲ್ಲ. ಹೊಸ ಸುಣ್ಣದ ಕ್ಷಾರ ಬೂಷ್ಟಿಗೆ ಒಗ್ಗದು. ಅಡಿಗೆಮನೆಯ ಅಟ್ಟದಲ್ಲಿ ಕಾಳುಕಡಿ ಇಡುತ್ತಿದ್ದುದೂ ಅಲ್ಲಿಯ ಬಿಸಿಗೆ ತೇವ ನಿಲ್ಲದೆಂಬುದರಿಂದಲೇ. ಮನೆಯಲ್ಲಿ ಗೂರಲಿನವರು, ಹಸುಗೂಸುಗಳು, ವೃದ್ಧರು ಇದ್ದರಂತೂ ಒದ್ದೆ ಗೋಡೆಯ ಕೋಣೆಯನ್ನು ಅವರಿಗೆ ಕೊಡಬಾರದು. ಕ್ಷಯದ ಔಷಧಕ್ಕೂ ಬಗ್ಗದ ಕೆಮ್ಮಿದ್ದರೆ, ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ, ಇದು ಬೂಷ್ಟಿನ ಕಾಯಿಲೆಯೇ ಎಂದು ಎದೆರೋಗ ತಜ್ಞರನ್ನು ಕೇಳಲು ಸಂಕೋಚಪಡಬಾರದು. ಆ ಒಂದು ಪ್ರಶ್ನೆ ಎಷ್ಟೋ ವರ್ಷಗಳ ಉಸಿರನ್ನು ಉಳಿಸೀತು.